ಅರ್ಜಿಯ ‘ಗೆ’ ಸಾಲು: ಸಕ್ಷಮ ಪ್ರಾಧಿಕಾರ ಹುಡುಕುವ ನನ್ನ ಕ್ರಮ

ಕಂದಾಯ ಅರ್ಜಿ ಬರೆದುಕೊಡುವವರಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ: ಎಷ್ಟು ಮೇಲಿನವರಿಗೆ ಬರೆದರೆ ಅಷ್ಟು ಬೇಗ ಕೆಲಸ. ನಾನು ಮಾಡುವುದು ಇದಕ್ಕೆ ತದ್ವಿರುದ್ಧ. ಮೊದಲು ಕಲಂ, ಕಲಂನಿಂದ ಸಕ್ಷಮ ಪ್ರಾಧಿಕಾರ (ಆ ವಿಷಯ ತೀರ್ಮಾನಿಸಲು ಕಾಯ್ದೆ ಅಧಿಕಾರ ಕೊಟ್ಟವರು), ಅದು ಸಿಕ್ಕ ಮೇಲೆ ‘ಗೆ’ ಸಾಲು, ಅಂದರೆ ಅರ್ಜಿ ಯಾರಿಗೆ ಎಂದು ಬರೆಯುವ ಸಾಲು. ವಿಷಯ ಬರೆಯುವುದು ಕೊನೆಗೆ. ಇದೆಲ್ಲ ಹೊತ್ತು ಹಾಳು ಎಂದವರೇ ಈಗ ಕರಡು ಹಿಡಿದು ನನ್ನ ಹತ್ತಿರ ಬರುತ್ತಾರೆ. ‘ಸಂಬಂಧಪಟ್ಟ ಪ್ರಾಧಿಕಾರಕ್ಕೆ ಸಲ್ಲಿಸಿಕೊಳ್ಳುವುದು’ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ನಾನು ಬರೆದ ಅರ್ಜಿಗಳಿಗೆ ಬರುವುದು ತೀರಾ ಅಪರೂಪ.

ಅತಿ ಹೆಚ್ಚು ದುಡ್ಡು ಹೋಗುವುದು ಮುಟೇಷನ್, ಅಂದರೆ ಪಹಣಿಯಲ್ಲಿ ಹಕ್ಕು ಬದಲಾವಣೆ, ತಕರಾರಿನಲ್ಲಿ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 129ನೇ ಕಲಂ ಪ್ರಕಾರ ಆದ ಆದೇಶದ ಮೇಲೆ ಮೇಲ್ಮನವಿ ಇರುವುದು 136(2)ರಲ್ಲಿ, ಉಪವಿಭಾಗಾಧಿಕಾರಿ (ಎಸಿ) ಮುಂದೆ, 60 ದಿನದೊಳಗೆ. ಅದರ ಮೇಲೆ 136(3)ರಲ್ಲಿ ಜಿಲ್ಲಾಧಿಕಾರಿ (ಡಿಸಿ) ಮುಂದೆ ಪುನರ್ ಪರಿಶೀಲನೆ. ಹಕ್ಕೇ ಯಾರದ್ದು ಎಂಬ ಜಗಳವಾದರೆ ಸಿವಿಲ್ ನ್ಯಾಯಾಲಯ. ಜನ ಇದನ್ನು ಬಿಟ್ಟು ನೇರ ಡಿಸಿಗೆ ಮನವಿ ಕೊಡುತ್ತಾರೆ. ಅದರ ಮೂಲೆಯಲ್ಲಿ ‘ತಹಶೀಲ್ದಾರ್, ನಿಯಮಾನುಸಾರ ಕ್ರಮ ವಹಿಸಿ’ ಎಂದು ಷರಾ ಬೀಳುತ್ತದೆ. ಯಾರ ಆದೇಶದ ವಿರುದ್ಧ ಮನವಿ ಕೊಟ್ಟರೋ ಅವರ ಟಪಾಲಿಗೇ ಕಾಗದ ವಾಪಸು! ಅಷ್ಟರಲ್ಲಿ 60 ದಿನ ಮುಗಿದಿರುತ್ತದೆ. ಆಮೇಲೆ ಮೇಲ್ಮನವಿ ಜೊತೆ ತಡ ಮನ್ನಾ ಅರ್ಜಿ, ಪ್ರಮಾಣಪತ್ರ, ದೃಢೀಕೃತ ನಕಲು, ವಕೀಲರ ಫೀಸು ಎಂದು ಐದಾರು ಸಾವಿರಕ್ಕೆ ಕಡಿಮೆ ಇಲ್ಲದ ಖರ್ಚು. ಮೊದಲೇ ಎಸಿಗೆ ಹೋಗಿದ್ದರೆ ತಡ ಮನ್ನಾದ ಗೋಳೇ ಇರುತ್ತಿರಲಿಲ್ಲ.

ಮೇಲಧಿಕಾರಿಗೆ ಎಲ್ಲ ಅಧಿಕಾರವೂ ಇರುತ್ತದೆ ಎಂಬ ಲೆಕ್ಕವೇ ತಪ್ಪು. ಕಾಯ್ದೆ ಯಾರಿಗೆ ಅಧಿಕಾರ ಕೊಟ್ಟಿದೆಯೋ ಅವರೇ ಸ್ವಂತ ವಿವೇಚನೆಯಿಂದ ತೀರ್ಮಾನಿಸಬೇಕು. ಗೋರ್ಧನ್‌ದಾಸ್ ಭಾಂಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1951ರಲ್ಲೇ ಇದನ್ನು ಹೇಳಿದೆ. ಅಲ್ಲಿ ಸಿನಿಮಾ ಮಂದಿರದ ಅನುಮತಿ ರದ್ದು ಮಾಡುವ ಅಧಿಕಾರ ಮುಂಬೈ ಪೊಲೀಸ್ ಕಮಿಷನರ್‌ದು. ಅವರು ಸರ್ಕಾರದ ಸೂಚನೆಯನ್ನು ದಾಟಿಸಿದ್ದರಷ್ಟೇ. ಆ ರದ್ದತಿ ನಿಲ್ಲಲಿಲ್ಲ. ‘ಮೇಲಿನವರ ಮೌಖಿಕ ಸೂಚನೆ ಮೇರೆಗೆ’ ಎಂಬ ಪದಗಳು ಹಿಂಬರಹದಲ್ಲಿ ಕಂಡರೆ ನಾನು ಕೆಂಪು ಗೆರೆ ಎಳೆದು ಇಟ್ಟುಕೊಳ್ಳುತ್ತೇನೆ. ಮೇಲ್ಮನವಿಯ ಮೊದಲ ಆಧಾರ ಅದೇ.

ಇನ್ನು ಪೀಠದ ಹೆಸರು. ಒಬ್ಬರೇ ವ್ಯಕ್ತಿ, ಒಂದೇ ಕೊಠಡಿ, ಅಧಿಕಾರ ಮಾತ್ರ ಬೇರೆ ಬೇರೆ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಮಕ್ಕಳಿಗೆ ಬರೆದುಕೊಟ್ಟ ದಾನಪತ್ರವನ್ನು 23ನೇ ಕಲಂ ಅಡಿ ರದ್ದು ಕೇಳುವುದಾದರೆ ‘ಅಧ್ಯಕ್ಷರು, ನಿರ್ವಹಣಾ ನ್ಯಾಯಮಂಡಳಿ ಹಾಗೂ ಉಪವಿಭಾಗಾಧಿಕಾರಿ’ ಎಂದು ಬರೆಯಬೇಕು. ಬರೀ ‘ಉಪವಿಭಾಗಾಧಿಕಾರಿ’ ಎಂದು ಬರೆದರೆ ಕಾಗದ ಕಂದಾಯ ಶಾಖೆಗೆ ಹೋಗಿ ಅಲ್ಲೇ ಕೂರುತ್ತದೆ. ಜನನ ನೋಂದಣಿ ಒಂದು ವರ್ಷಕ್ಕಿಂತ ತಡವಾಗಿದ್ದರೆ ಜನನ ಮರಣ ನೋಂದಣಿ ಕಾಯ್ದೆಯ 13(3)ನೇ ಕಲಂ. ಹಿಂದೆ ಇದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತಿತ್ತು. 2023ರ ತಿದ್ದುಪಡಿ ಆ ಅಕ್ಟೋಬರ್ 1ರಿಂದ ಜಾರಿಯಾದ ಮೇಲೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ, ಇಲ್ಲವೇ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ. ಹಳೇ ನಮೂನೆ ಇಟ್ಟುಕೊಂಡವರು ಇನ್ನೂ ಕೋರ್ಟ್ ಹೆಸರನ್ನೇ ಟೈಪ್ ಮಾಡಿಸುತ್ತಿದ್ದಾರೆ.

‘ಸಕ್ಷಮ’ ಎಂದು ಕಂಡ ಕೂಡಲೇ ಅರ್ಥ ಗೊತ್ತು ಎಂದುಕೊಳ್ಳಬಾರದು. ಅದು ಕಾಯ್ದೆಯಿಂದ ಕಾಯ್ದೆಗೆ ಬದಲಾಗುತ್ತದೆ. ನಿಗದಿತ ದಿನದೊಳಗೆ ಸರ್ಕಾರಿ ಸೇವೆ ಕೊಡಿಸುವ ‘ಸಕಾಲ’ ಕಾಯ್ದೆಯಲ್ಲಿ ಸಕ್ಷಮ ಅಧಿಕಾರಿ ಎಂದರೆ ಸೇವೆ ಕೊಡುವವರಲ್ಲ, ಸೇವೆ ತಡವಾದಾಗ ಮೊದಲ ಮೇಲ್ಮನವಿ ಕೇಳುವವರು. ಅಲ್ಲಿ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ಜಿಎಸ್‌ಸಿ ಸಂಖ್ಯೆ (ಸಕಾಲ ಅರ್ಜಿಯ ಸ್ವೀಕೃತಿ ಸಂಖ್ಯೆ) ಇಟ್ಟುಕೊಂಡವರಷ್ಟೇ ಕೇಳಬಹುದು. ಮಾಹಿತಿ ಹಕ್ಕು ಕಾಯ್ದೆಯ 2ನೇ ಕಲಂನಲ್ಲಿ ಸಕ್ಷಮ ಪ್ರಾಧಿಕಾರ ಎಂದರೆ ವಿಧಾನಸಭೆಗೆ ಸ್ಪೀಕರ್, ಹೈಕೋರ್ಟ್‌ಗೆ ಮುಖ್ಯ ನ್ಯಾಯಮೂರ್ತಿ, ಹೀಗೆ. ತಾಲೂಕು ಕಚೇರಿ ಅಲ್ಲಿ ‘ಸಾರ್ವಜನಿಕ ಪ್ರಾಧಿಕಾರ’.

ಹುಡುಕುವ ದಾರಿ ಹೀಗೆ. ಮೊದಲು ವ್ಯಾಖ್ಯೆಗಳ ಕಲಂ. ಅಲ್ಲಿ ‘ನಿಯಮಿಸಬಹುದಾದ ಅಧಿಕಾರಿ’ ಎಂದಿದ್ದರೆ ನಿಯಮಗಳನ್ನು ತೆಗೆಯಿರಿ. ‘ಅಧಿಸೂಚನೆಯ ಮೂಲಕ’ ಎಂದಿದ್ದರೆ ರಾಜ್ಯಪತ್ರ. ಸರ್ಕಾರದ ಆದೇಶವಾದರೆ ಕೊನೆಯಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲು ಇದೆಯೇ ನೋಡಿ. ಅದಿದ್ದರೆ ಅಧೀನ ಕಾರ್ಯದರ್ಶಿ ಸಹಿಯೂ ಸರ್ಕಾರದ ಸಹಿಯೇ. ಸುತ್ತೋಲೆಯಲ್ಲಿ ಸಾಮಾನ್ಯವಾಗಿ ಆ ಸಾಲು ಇರುವುದಿಲ್ಲ, ಮತ್ತು ಕಾಯ್ದೆ ಕೊಡದ ಅಧಿಕಾರವನ್ನು ಸುತ್ತೋಲೆ ಹುಟ್ಟಿಸಲಾರದು.

ಇದರ ನಡುವೆ ಒಂದು ಪ್ರಯೋಗ ಚೆನ್ನಾಗಿ ಫಲ ಕೊಟ್ಟಿದೆ. ಯಾರಿಗೆ ಅಧಿಕಾರ ಎಂದು ಕಚೇರಿಯೇ ಬಾಯಿ ಬಿಡದಿದ್ದಾಗ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ‘ಯಾರು ಸಕ್ಷಮರು?’ ಎಂದು ಪ್ರಶ್ನೆ ಹಾಕಿದರೆ ‘ಪ್ರಶ್ನೆಗೆ ಉತ್ತರಿಸಲು ಅವಕಾಶವಿಲ್ಲ’ ಎಂದು ಬರುತ್ತದೆ. ಬದಲಿಗೆ 4(1)(ಬಿ) ಅಡಿ ಪ್ರಕಟಿಸಬೇಕಾದ ಅಧಿಕಾರಿಗಳ ಅಧಿಕಾರ, ಕರ್ತವ್ಯಗಳ ಪಟ್ಟಿಯ ನಕಲು ಮತ್ತು ಅಧಿಕಾರ ವಹಿಸಿದ ಅಧಿಸೂಚನೆಯ ನಕಲು ಕೇಳಿ. ನಮ್ಮ ರಾಜ್ಯದಲ್ಲಿ 150 ಪದ, ಒಂದೇ ವಿಷಯ ಎಂಬ ಮಿತಿಯಿದೆ. ಇದು ನಲವತ್ತು ಪದದಲ್ಲಿ ಮುಗಿಯುತ್ತದೆ. ಹೀಗೆ ಕೂಡಿಸಿದ ಅಧಿಸೂಚನೆಗಳ ಕಡತವೇ ನನ್ನ ಬಂಡವಾಳ. ಅದನ್ನು ಯಾವ ಕ್ರಮದಲ್ಲಿ ಜೋಡಿಸಿದ್ದೇನೆ, ‘ಗೆ’ ಸಾಲಿನ ಕೆಳಗೆ ಸೇರಿಸುವ ಇನ್ನೊಂದು ಸಾಲು ಯಾವುದು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಈಗಾಗಲೇ ತಪ್ಪು ಪ್ರಾಧಿಕಾರದ ಮುಂದೆ ಹೋಗಿರುವವರು ಆ ಕಾಗದಗಳನ್ನು ಎಸೆಯಬೇಡಿ. ಕಾಲಮಿತಿ ಅಧಿನಿಯಮ 1963ರ 14ನೇ ಕಲಂನ ತತ್ವದಂತೆ, ಸದ್ಭಾವನೆಯಿಂದ, ಶ್ರದ್ಧೆಯಿಂದ ಅಲ್ಲಿ ನಡೆಸಿದ ಅವಧಿಯನ್ನು ತಡಕ್ಕೆ ಕಾರಣವಾಗಿ ತೋರಿಸಬಹುದು. ಅದಕ್ಕೆ ಮೂರು ಕಾಗದ ಬೇಕು: ಸಲ್ಲಿಸಿದ ದಿನದ ಸ್ವೀಕೃತಿ ಮುದ್ರೆ, ವಿಚಾರಣೆ ನೋಟಿಸು ಬಂದಿದ್ದರೆ ಅದು, ವಾಪಸು ಕೊಟ್ಟ ಹಿಂಬರಹ. ಮುದ್ರೆಯಲ್ಲಿ ದಿನಾಂಕ ಅಳಿಸಿದಂತಿದ್ದರೆ ಟಪಾಲು ವಹಿಯ ಆ ಪುಟದ ದೃಢೀಕೃತ ನಕಲನ್ನು ಅದೇ ವಾರ ತೆಗೆದಿಟ್ಟುಕೊಳ್ಳಿ.