ಬಿಲ್ಲಿಗೆ ಬಿದಿರು: ಯಾವುದನ್ನು ಕಡಿಯಬೇಕು, ಹೇಗೆ ಒಣಗಿಸಬೇಕು

ಬಿಲ್ಲು ಮುರಿದರೆ ಕೆತ್ತಿದವರನ್ನೇ ಬೈಯುತ್ತಾರೆ. ಆದರೆ ಎಡವಟ್ಟು ಬಿದಿರು ಕಡಿಯುವಾಗಲೋ ಒಣಗಿಸುವಾಗಲೋ ಆಗಿರುವುದೇ ಜಾಸ್ತಿ. ಕೊಡಗಿನಂಥ ತೇವದ ಊರಿನಲ್ಲಂತೂ ಒಣಗಿಸುವುದೇ ಅರ್ಧ ಕೆಲಸ.

ತಡಸಲು ಮರ ಚೆನ್ನಾಗಿ ಬಾಗುತ್ತದೆ, ಬಿಲ್ಲಿಗೂ ಕೊಡಲಿ ಕಾವಿಗೂ ಒಳ್ಳೆಯದು. ಆದರೆ ಒಂದು ಬಿಲ್ಲಿಗಾಗಿ ಮರ ಕಡಿಯುವುದು ಯಾಕೆ? ತೋಟದ ಅಂಚಿನ ಸ್ವಂತ ಬಿದಿರು ಸಾಕು. ಕಾಡಿನದನ್ನು ಮುಟ್ಟಬೇಡಿ.

ಮೆಳೆಯಲ್ಲಿ 3–4 ವರ್ಷ ಬಲಿತ ಗಳ ಹುಡುಕಿ. ಎಳೆಯದರ ಗೆಣ್ಣಿನಲ್ಲಿ ಹಾಳೆ ಅಂಟಿರುತ್ತದೆ, ಮೈಮೇಲೆ ಬಿಳಿ ಪುಡಿ ಇರುತ್ತದೆ. ಬಲಿತದ್ದರ ಮೇಲೆ ಬೂದು ಕಲೆಗಳಿರುತ್ತವೆ. ಬುಡದ ಕಡೆಯ ದಪ್ಪ, ನೇರ ಭಾಗವೇ ಬೇಕು. ಕಳಲೆ ಬರುವ ಮಳೆಗಾಲದಲ್ಲಿ ಕಡಿಯಲೇಬೇಡಿ. ಡಿಸೆಂಬರ್–ಜನವರಿ ಒಳ್ಳೆಯದು. ಆಮೇಲೆ ಒಣಗಿಸಲು ಬಿಸಿಲುಗಾಲವೂ ಸಿಗುತ್ತದೆ ಅಲ್ವಾ?

ಸುಮಾರು ಆರು ಅಡಿ ತುಂಡು ಮಾಡಿ, ಎರಡು ಬೆರಳು ಅಗಲಕ್ಕೆ ಸೀಳಿ. ಇಡೀ ಗಳ ಒಣಗಿಸಿದರೆ ಬಿರುಕು ಬಿಡುತ್ತದೆ. ಸೀಳುಗಳ ಮೇಲೆ ಕಲ್ಲು ಹೇರಿ ಹರಿಯುವ ತೋಡಿನಲ್ಲಿ ಎರಡು-ಮೂರು ವಾರ ಮುಳುಗಿಸಿ. ಕುಟ್ಟೆ ಹುಳು ಬರುವುದೇ ಬಿದಿರಿನ ಪಿಷ್ಟಕ್ಕೆ, ನೀರು ಅದನ್ನು ಕಮ್ಮಿ ಮಾಡುತ್ತದೆ. ಮೇಲೆತ್ತಿದ ಮೇಲೆ ತುದಿಗಳಿಗೆ ಜೇನುಮೇಣ ಬಳಿಯಿರಿ. ತುದಿ ಬೇಗ ಒಣಗಿ ಸೀಳುವುದು ತಪ್ಪುತ್ತದೆ. ನೆರಳಲ್ಲಿ ನೀರು ಆರಿದ ನಂತರ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ. ಸೌದೆ ಒಲೆ ಇಲ್ಲದವರು ಗಾಳಿಯಾಡುವ ಕಡೆ ಇಡಿ, ನೇರ ಬಿಸಿಲಿಗೆ ಮಾತ್ರ ಬೇಡ.

ಒಣಗಿತೇ ಎಂದು ಬಣ್ಣ ನೋಡಿ ಊಹಿಸಬೇಡಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಒಣಗಿತು. ಜೂನ್ ಮಳೆ ಹಿಡಿಯುವ ಮೊದಲೇ ಕೆತ್ತನೆ ಮುಗಿಸಿ, ಎಣ್ಣೆ ಸವರಿಬಿಡಿ. ಇಲ್ಲದಿದ್ದರೆ ಬಿದಿರು ಮತ್ತೆ ತೇವ ಹೀರುತ್ತದೆ.

ಕೆತ್ತುವಾಗ ಒಂದೇ ನಿಯಮ: ಹೊರಮೈಗೆ ಕತ್ತಿ ಸೋಕಬಾರದು. ಗಟ್ಟಿ ನಾರೆಲ್ಲ ಅಲ್ಲೇ ಇರುತ್ತದೆ. ಬಿಲ್ಲು ಎಳೆದಾಗ ಹಿಗ್ಗುವುದೂ ಗುರಿಯ ಕಡೆಗಿರುವ ಆ ಮೈಯೇ. ಒಳಭಾಗ, ಪಕ್ಕಗಳನ್ನು ಮಾತ್ರ ಹೆರೆಯಿರಿ.

ಹೆದೆಗೆ ಕತ್ತಾಳೆ ನಾರು ಹೊಸೆದರೆ ಸಾಕು. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಬಿಲ್ಲು ಸೀಳಬಹುದು. ಗುರಿ ಹಲಗೆಯೋ ಹುಲ್ಲಿನ ಕಟ್ಟೋ ಆಗಿರಲಿ. 1972ರ ವನ್ಯಜೀವಿ ಕಾಯ್ದೆ ಬಿಲ್ಲಿನ ಬೇಟೆಗೂ ಅನ್ವಯಿಸುತ್ತದೆ.