ಶಾಲಾ ಆಡಳಿತ ಮಂಡಳಿಗೆ ಹೊಣೆಗಾರಿಕೆ ವಿಮೆ: ಪಾಲಿಸಿ ಕೊಳ್ಳುವ ಮೊದಲು ನೋಡಬೇಕಾದದ್ದು

ಖಾಸಗಿ ಶಾಲೆ ನಡೆಸುವ ಸಂಘ ಅಥವಾ ಟ್ರಸ್ಟಿನ ಕಡತದಲ್ಲಿ ಸಾಮಾನ್ಯವಾಗಿ ಕಟ್ಟಡದ ಬೆಂಕಿ ವಿಮೆ, ಬಸ್ಸಿನ ವಾಹನ ವಿಮೆ ಮತ್ತು ಮಕ್ಕಳ ಅಪಘಾತ ವಿಮೆ ಇರುತ್ತವೆ. ಬಸ್ಸಿನ ಅಪಘಾತವೊಂದನ್ನು ಬಿಟ್ಟರೆ, ಪೋಷಕರು ನಿರ್ಲಕ್ಷ್ಯದ ಆರೋಪ ಹೊರಿಸಿ ಮುಖ್ಯೋಪಾಧ್ಯಾಯರ ಅಥವಾ ಕಾರ್ಯದರ್ಶಿಯ ಮೇಲೆ ದಾವೆ ಹೂಡಿದಾಗ ಈ ಮೂರರಲ್ಲಿ ಯಾವುದೂ ನೆರವಿಗೆ ಬರುವುದಿಲ್ಲ. ಆ ಕೊರತೆಯನ್ನು ತುಂಬುವುದು ಹೊಣೆಗಾರಿಕೆ ವಿಮೆ.

ಇದು ದೂರದ ಮಾತಲ್ಲ. 2006ರ ಡಿಸೆಂಬರಿನಲ್ಲಿ ಬೆಂಗಳೂರಿನ ಶಾಲೆಯೊಂದು ಏರ್ಪಡಿಸಿದ್ದ ಉತ್ತರ ಭಾರತ ಪ್ರವಾಸದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೆದುಳಿನ ಸೋಂಕಿಗೆ ತುತ್ತಾದಳು. ಜೊತೆಗಿದ್ದ ಶಿಕ್ಷಕರು ಸಕಾಲಕ್ಕೆ ಚಿಕಿತ್ಸೆ ಕೊಡಿಸಲಿಲ್ಲವೆಂಬುದು ದೂರಿನ ತಿರುಳು. ರಾಜ್ಯ ಗ್ರಾಹಕ ಆಯೋಗ ಸುಮಾರು 88.73 ಲಕ್ಷ ರೂಪಾಯಿ ಪರಿಹಾರ ವಿಧಿಸಿತು, ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು, 2021ರಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ಮೊತ್ತವನ್ನೇ ಎತ್ತಿಹಿಡಿಯಿತು. ಪ್ರಕರಣದ ಶೀರ್ಷಿಕೆಯಲ್ಲಿ ಎದುರುದಾರರಾಗಿ ಕಾಣಿಸಿಕೊಂಡದ್ದು ಸಂಸ್ಥೆಯ ಕಾರ್ಯದರ್ಶಿ ಎಂಬುದನ್ನೂ, ಘಟನೆಗೂ ಕೊನೆಯ ತೀರ್ಪಿಗೂ ನಡುವೆ ಹದಿನಾಲ್ಕು ವರ್ಷ ಕಳೆದಿದ್ದವೆಂಬುದನ್ನೂ ಪಾಲಿಸಿ ಆರಿಸುವಾಗ ಮರೆಯಬಾರದು.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಬಗೆಯ ಪಾಲಿಸಿ ಎಂಬುದು. ‘ಡಿ ಅಂಡ್ ಓ’ (ಡೈರೆಕ್ಟರ್ಸ್ ಅಂಡ್ ಆಫೀಸರ್ಸ್, ಅಂದರೆ ನಿರ್ದೇಶಕರು ಮತ್ತು ಪದಾಧಿಕಾರಿಗಳು) ಎಂದು ಕರೆಯುವ ಪಾಲಿಸಿ ಆಡಳಿತ ಮಂಡಳಿಯ ಸದಸ್ಯರ ನಿರ್ಧಾರಗಳಿಗೆ ಸಂಬಂಧಿಸಿದ್ದು. ಹಣಕಾಸಿನ ಅವ್ಯವಸ್ಥೆಯ ಆರೋಪ, ಅಧಿಕಾರ ಮೀರಿ ಠರಾವು ಮಾಡಿದರೆಂಬ ದೂರು ಇತ್ಯಾದಿ ಅದರ ವ್ಯಾಪ್ತಿಗೆ ಬರುತ್ತವೆ. ಶಿಕ್ಷಕರ ವಜಾ ಕುರಿತ ಮೊಕದ್ದಮೆಗಳಿಗೆ ರಕ್ಷಣೆ ಬೇಕಾದರೆ ಉದ್ಯೋಗ ಸಂಬಂಧಿ ಹೊಣೆಗಾರಿಕೆಯ ಭಾಗವನ್ನು ಪ್ರತ್ಯೇಕವಾಗಿ ಕೇಳಿ ಸೇರಿಸಿಕೊಳ್ಳಬೇಕಾಗುತ್ತದೆ. ಆದರೆ ಡಿ ಅಂಡ್ ಓ ಪಾಲಿಸಿಗಳು ಸಾಮಾನ್ಯವಾಗಿ ದೇಹಕ್ಕೆ ಆದ ಗಾಯ ಮತ್ತು ಸಾವನ್ನು ಹೊರಗಿಡುತ್ತವೆ, ಅಂದರೆ ಮೇಲಿನ ಪ್ರವಾಸದಂಥ ಪ್ರಕರಣಕ್ಕೆ ಅದೊಂದೇ ಸಾಲದು. ಅದಕ್ಕೆ ಪ್ರೊಫೆಷನಲ್ ಇಂಡೆಮ್ನಿಟಿ (ವೃತ್ತಿಯ ಕೆಲಸದಲ್ಲಿನ ಲೋಪದ ಹೊಣೆ) ಅಥವಾ ಪಬ್ಲಿಕ್ ಲಯಬಿಲಿಟಿ (ಹೊರಗಿನವರಿಗೆ ಆದ ಹಾನಿಯ ಹೊಣೆ) ಪಾಲಿಸಿ ಬೇಕು, ಅದರಲ್ಲಿಯೂ ಶಾಲೆಯ ಆವರಣದ ಹೊರಗೆ ನಡೆಯುವ ಪ್ರವಾಸ, ಕ್ರೀಡಾಕೂಟ ಮತ್ತು ಈಜು ತರಬೇತಿಗಳು ಒಳಗೊಂಡಿವೆಯೆಂದು ಬರಹದಲ್ಲಿಯೇ ಇರಬೇಕು. ಶಾಲೆಯ ಮಟ್ಟಿಗೆ ಎರಡು ಬಗೆಗಳಲ್ಲಿ ಒಂದನ್ನೇ ಕೊಳ್ಳುವ ಶಕ್ತಿಯಿದ್ದರೆ, ಡಿ ಅಂಡ್ ಓ ಬದಲು ಗಾಯ ಮತ್ತು ಸಾವಿನ ಹೊಣೆ ಹೊರುವ ಈ ಎರಡನೆಯ ಬಗೆಯನ್ನೇ ಮೊದಲು ಕೊಳ್ಳುವುದು ಲೇಸು.

ಇನ್ನು ದಿನಾಂಕದ ವಿಷಯ. ಈ ಪಾಲಿಸಿಗಳಲ್ಲಿ ಹೆಚ್ಚಿನವು ‘ಕ್ಲೇಮ್ಸ್ ಮೇಡ್’ ಕ್ರಮದವು. ಘಟನೆ ನಡೆದ ವರ್ಷದಲ್ಲಿ ಪಾಲಿಸಿ ಇದ್ದರೆ ಸಾಲದು, ದೂರು ನಿಮ್ಮ ಕೈಸೇರಿ ನೀವು ಅದನ್ನು ಕಂಪನಿಗೆ ತಿಳಿಸುವ ಹೊತ್ತಿಗೂ ಪಾಲಿಸಿ ಚಾಲ್ತಿಯಲ್ಲಿರಬೇಕು. ಜೊತೆಗೆ ಘಟನೆಯು ಪಾಲಿಸಿಯಲ್ಲಿ ನಮೂದಾದ ‘ರೆಟ್ರೋಆಕ್ಟಿವ್ ಡೇಟ್’ ಎಂಬ ದಿನಾಂಕದ ನಂತರದ್ದಾಗಿರಬೇಕು. ಮೊದಲ ಸಲ ಪಾಲಿಸಿ ಕೊಂಡ ದಿನವೇ ಸಾಮಾನ್ಯವಾಗಿ ಆ ದಿನಾಂಕವಾಗಿರುತ್ತದೆ, ಪ್ರತಿ ನವೀಕರಣದಲ್ಲಿ ಅದೇ ಮುಂದುವರಿಯಬೇಕು. ಪ್ರೀಮಿಯಂ ಅಗ್ಗವೆಂದು ಕಂಪನಿ ಬದಲಿಸಿದಾಗ ಹೊಸ ಪಾಲಿಸಿಯಲ್ಲಿ ಹೊಸ ದಿನಾಂಕ ಬಿದ್ದುಬಿಟ್ಟರೆ, ಹಿಂದಿನ ವರ್ಷಗಳ ರಕ್ಷಣೆಯೆಲ್ಲ ಒಂದೇ ಏಟಿಗೆ ಹೋದಂತೆಯೇ. ಪಾಲಿಸಿಯ ಶೆಡ್ಯೂಲ್ (ವಿವರಗಳ ಪಟ್ಟಿ) ಕೈಗೆ ಬಂದೊಡನೆ, ವಿಮಾ ಮೊತ್ತಕ್ಕಿಂತ ಮುಂಚೆ ಈ ಒಂದು ಸಾಲನ್ನು ಓದಿರಿ.

ಮೊತ್ತದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಎಷ್ಟು ಎಂಬ ಎರಡು ಮಿತಿಗಳಿರುತ್ತವೆ. ವಕೀಲರ ಖರ್ಚು ಅದೇ ಮಿತಿಯೊಳಗಿನಿಂದ ಹೋಗುತ್ತದೆಯೋ ಬೇರೆಯಾಗಿ ಸಿಗುತ್ತದೆಯೋ ಎಂದು ಕೇಳಿಕೊಳ್ಳಿರಿ. ಪ್ರೀಮಿಯಂ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ.

ಪ್ರೊಪೋಸಲ್ ಫಾರ್ಮನ್ನು, ಅಂದರೆ ವಿಮೆಯ ಅರ್ಜಿಯನ್ನು, ಏಜೆಂಟರ ಕೈಗೆ ಬಿಟ್ಟು ಖಾಲಿ ಹಾಳೆಗೆ ಸಹಿ ಹಾಕುವ ರೂಢಿ ನಮ್ಮಲ್ಲಿ ಬೇಕಾದಷ್ಟಿದೆ. ‘ಕ್ಲೇಮಿಗೆ ಕಾರಣವಾಗಬಹುದಾದ ಯಾವುದಾದರೂ ಸಂಗತಿ ನಿಮ್ಮ ಗಮನದಲ್ಲಿದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದು, ಆಮೇಲೆ ಬಿಇಒ ಕಚೇರಿಯಿಂದ ಬಂದಿದ್ದ ಹಳೆಯ ದೂರಿನ ಪ್ರತಿ ಶಾಲೆಯ ಆವಕ ಪುಸ್ತಕದಲ್ಲಿ ಸಿಕ್ಕಿದರೆ, ಕ್ಲೇಮನ್ನು ತಿರಸ್ಕರಿಸಲು ಕಂಪನಿಗೆ ಬೇರೆ ಕಾರಣವೇ ಬೇಕಾಗುವುದಿಲ್ಲ. ಫಾರ್ಮ್ ತುಂಬುವ ದಿನ ಆವಕ ಪುಸ್ತಕವನ್ನೂ ಸಭೆಯ ನಡಾವಳಿ ಪುಸ್ತಕವನ್ನೂ ಮೇಜಿನ ಮೇಲಿಟ್ಟುಕೊಳ್ಳಿರಿ.

ಯಾವ ಪಾಲಿಸಿಯೂ ತುಂಬಿಕೊಡದ ಸಂಗತಿಗಳಿವೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ, ತಮ್ಮ ಕೈಕೆಳಗಿನವರು ಎಸಗಿದ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ ವಿಧಿಸಬಹುದು. ಆ ದಂಡವನ್ನು ವಿಮೆ ಕಟ್ಟುವುದಿಲ್ಲ. ಉದ್ದೇಶಪೂರ್ವಕ ಕೃತ್ಯ, ವಂಚನೆ, ಕಾನೂನುಬಾಹಿರ ಡೊನೇಶನ್ ವಾಪಸಾತಿಗಳೂ ಹೊರಗೇ. ಮಂಡಳಿಯ ಸದಸ್ಯರು ತಮ್ಮತಮ್ಮೊಳಗೆ ಹೂಡುವ ದಾವೆಗಳನ್ನು ಅನೇಕ ಡಿ ಅಂಡ್ ಓ ಪಾಲಿಸಿಗಳು ಕೈಬಿಡುತ್ತವೆ. ಒಳಜಗಳವಿರುವ ಸಂಘಗಳು ಇದನ್ನು ಎರಡು ಸಲ ಓದಬೇಕು.

ಲೀಗಲ್ ನೋಟಿಸು ಬಂದಾಗ ಆವಕ ಮೊಹರಿನೊಂದಿಗೆ ದಿನಾಂಕ ಹಾಕಿ, ಅದರ ಪ್ರತಿಯನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಮೂಲಕ ಕಂಪನಿಗೆ ಕೂಡಲೇ ಕಳುಹಿಸಬೇಕು. ಘಟನೆ ನಡೆದು ಇನ್ನೂ ನೋಟಿಸು ಬಾರದಿದ್ದರೂ ‘ಈ ಸಂಗತಿಯಿಂದ ಮುಂದೆ ಕ್ಲೇಮು ಉದ್ಭವಿಸಬಹುದು’ ಎಂದು ಪತ್ರ ಬರೆದಿಟ್ಟರೆ, ದೂರು ಮುಂದಿನ ವರ್ಷಗಳಲ್ಲಿ ಬಂದರೂ ಅದನ್ನು ಈ ವರ್ಷದ ಪಾಲಿಸಿಯಡಿ ಪರಿಗಣಿಸಲು ಅನೇಕ ಪಾಲಿಸಿಗಳಲ್ಲಿ ಅವಕಾಶವಿದೆ. ಮಗುವಿಗೆ ಕೂಡಲೇ ಚಿಕಿತ್ಸೆ ಕೊಡಿಸುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ತಪ್ಪು ನಮ್ಮದೆಂದು ಬರೆದುಕೊಡುವುದು, ಹಿರಿಯರ ಸಮ್ಮುಖದಲ್ಲಿ ರಾಜಿ ಮಾಡಿ ಪರಿಹಾರದ ಹಣ ಕೊಡುವುದು ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಕೂಡದು.

ಸಂಘದ ಚುನಾವಣೆಯಲ್ಲಿ ಮಂಡಳಿ ಬದಲಾಗುವುದು ಸಹಜವಾದ್ದರಿಂದ, ವಿಮೆಗೊಳಪಟ್ಟವರ ವಿವರಣೆಯಲ್ಲಿ ‘ಹಿಂದಿನ, ಈಗಿನ ಮತ್ತು ಮುಂದಿನ ಸದಸ್ಯರು’ ಎಂಬ ಅರ್ಥದ ಮಾತು ಇರುವಂತೆ ನೋಡಿಕೊಳ್ಳಬೇಕು. ನಿರ್ಗಮಿಸುವ ಕಾರ್ಯದರ್ಶಿಗಳು ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಪಾಲಿಸಿಗಳನ್ನೂ ನವೀಕರಣದ ದಿನಾಂಕವನ್ನೂ ಸೇರಿಸಿ, ಹೊಸಬರಿಂದ ಸಹಿ ಪಡೆದು, ಒಂದು ಪ್ರತಿಯನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳಬೇಕು.