ಗುಂಡಿಯೋ, ಚಾಪೆಯೋ

ಬೆಟಗೇರಿಯಲ್ಲಿ ನಮ್ಮ ಮೊದಲ ಲ್ಯಾಬಿನ ಗೋಡೆಯಾಚೆ ಪವರ್‌ಲೂಮ್ ಇತ್ತು. ಶುಗರ್, ಹಿಮೋಗ್ಲೋಬಿನ್ ನೋಡುವಾಗ ಅದರ ಕಾಟ ಕಿವಿಗಷ್ಟೇ. ಟಿಪಿಎಚ್‌ಎ ಇಟ್ಟ ದಿನ ಮಾತ್ರ ಮಗ್ಗದ ಬಡಿತ ಟೇಬಲ್ಲಿಗೇ ಬರುತ್ತಿತ್ತು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಖಾತ್ರಿಗೆ ಮಾಡುವ ಈ ಪರೀಕ್ಷೆಯಲ್ಲಿ, ರೋಗಾಣುವಿನ ಅಂಶ ಲೇಪಿಸಿದ ರಕ್ತಕಣಗಳನ್ನು ಪ್ಲೇಟಿನ ಗುಳಿಗಳಲ್ಲಿ ಸೀರಮ್ಮಿಗೆ ಬೆರೆಸಿ ಬಿಡುತ್ತೇವೆ. ಪ್ರತಿಕಾಯ ಇದ್ದರೆ ಕಣಗಳು ಗುಳಿಯ ತಳದಲ್ಲಿ ಚಾಪೆ ಹಾಸುತ್ತವೆ. ಇಲ್ಲದಿದ್ದರೆ ಜಾರಿ ನಡುವೆ ಅಂಗಿಯ ಗುಂಡಿಯಂತೆ ಕೂಡುತ್ತವೆ. ಅಲುಗಿದರೆ ಎರಡೂ ಅಲ್ಲದ ಕಲಸುಮೇಲೋಗರ. ಕಡೆಗೆ, ನೇಕಾರರು ರೊಟ್ಟಿ ಉಣ್ಣಲು ಮಗ್ಗ ನಿಲ್ಲಿಸುವ ಹೊತ್ತಿಗೆ ಕಾದು ಪ್ಲೇಟ್ ಇಡತೊಡಗಿದೆ.

ಆದರೆ ನಾನು ಎಡವಿದ್ದು ಮಗ್ಗದಿಂದಲ್ಲ. ಸಿಫಿಲಿಸ್‌ಗೆ ಮೊದಲ ಸುತ್ತಿನಲ್ಲಿ ಮಾಡುವ ಆರ್‌ಪಿಆರ್ ಪರೀಕ್ಷೆ ಒಬ್ಬ ಗರ್ಭಿಣಿಯಲ್ಲಿ ರಿಯಾಕ್ಟಿವ್ ಬಂತು, ಅದೂ 1:2, ತೀರಾ ಕಡಿಮೆ ಮಟ್ಟ. ಬಸುರಿಯರಲ್ಲಿ ಇದು ಸುಳ್ಳೇ ಬರುವುದುಂಟು. ಯಾಕೆಂದರೆ ಆರ್‌ಪಿಆರ್ ಹುಡುಕುವುದು ನೇರ ರೋಗಾಣುವಿನದ್ದಲ್ಲ, ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧದ ಪ್ರತಿಕಾಯವನ್ನು. ಟಿಪಿಎಚ್‌ಎ ಇಟ್ಟೆ, ಚಾಪೆ ಕಂಡಿತು, ಪಾಸಿಟಿವ್ ಅಂತ ಬರೆದೆ. ಲೇಪವಿಲ್ಲದ ಕಣ ಹಾಕಿದ, ಗುಂಡಿಯೇ ಬರಬೇಕಾದ ಕಂಟ್ರೋಲ್ ಗುಳಿಯಲ್ಲೂ ಚಾಪೆಯೇ ಇತ್ತು ಅನ್ನುವುದು ಕಣ್ಣಿಗೆ ಬಿದ್ದದ್ದು ಸಂಜೆ, ಪ್ಲೇಟ್ ಎಸೆಯುವಾಗ. ಕಂಟ್ರೋಲ್ ಕೆಟ್ಟರೆ ಆ ಫಲಿತಾಂಶ ಕೊಡುವಂತೆಯೇ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ರಿಪೋರ್ಟ್ ವಾಪಸ್ ತರಿಸಿ, ಸ್ಯಾಂಪಲ್ಲನ್ನು ಬೇರೆ ವಿಧಾನದ ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿದೆ. ನೆಗೆಟಿವ್. ಪುಣ್ಯಕ್ಕೆ ಆಕೆಯ ಅತ್ತೆಗೆ ಸುದ್ದಿ ಮುಟ್ಟಿರಲಿಲ್ಲ.

ಸರಿಯಾಗಿ ಮಾಡಿದ ಟಿಪಿಎಚ್‌ಎ ಕೂಡ ಪೇಚಿಗೆ ಸಿಗಿಸುತ್ತದೆ. ಮಗಳ ಹೆರಿಗೆಗೆ ರಕ್ತ ಕೊಡಲು ಹೋಗಿ ಬೇಡವೆನಿಸಿಕೊಂಡವರೊಬ್ಬರು ಬಂದರು. ಎರಡು ಸಲ ಇಟ್ಟೆ. ಕಂಟ್ರೋಲ್‌ನಲ್ಲಿ ಗುಂಡಿ, ಪಕ್ಕದಲ್ಲಿ ಚಾಪೆ. ಆರ್‌ಪಿಆರ್ ನಾನ್-ರಿಯಾಕ್ಟಿವ್.

‘ಲಾರಿ ಮ್ಯಾಲಿದ್ದಾಗ ಪೆನ್ಸಿಲಿನ್ ಸೂಜಿ ಮಾಡಿಸ್ಕೊಂಡಿದ್ನಿರಿ. ಇನ್ನೂ ಐತೇನ್ರಿ ಅದು?’

‘ಕಾಕಾ, ಜಡ್ಡು ವಾಸಿಯಾದ್ರೂ ಈ ಟೆಸ್ಟ್ ಬಹಳ ಮಂದ್ಯಾಗ ಜೀವ ಇರೂತನಕ ಪಾಸಿಟಿವ್ ಬರ್ತೈತಿ.’

ಅಷ್ಟು ಹೇಳಿ ಸುಮ್ಮನಾಗುವಂತಿರಲಿಲ್ಲ. ಚಿಕಿತ್ಸೆ ಆಗದೆ ವರ್ಷಗಟ್ಟಲೆ ಒಳಗುಳಿದ ಸಿಫಿಲಿಸ್‌ನಲ್ಲೂ ಆರ್‌ಪಿಆರ್ ನಾನ್-ರಿಯಾಕ್ಟಿವ್ ಆಗಬಹುದು. ಎರಡನ್ನೂ ಬೇರ್ಪಡಿಸಲು ನನ್ನ ಪ್ಲೇಟಿಗೆ ಬರುವುದಿಲ್ಲ, ಹಳೆಯ ಚೀಟಿಗಷ್ಟೇ ಬರುತ್ತದೆ. ಕೇಳಿದೆ.

‘ಇಪ್ಪತ್ತೈದು ವರ್ಷದ ಚೀಟಿ ಯಾರ್ ಇಟ್ಕೊಂಡಿರ್ತಾರ್ರಿ, ಅದೂ ಇದರದ್ದು!’

ಎರಡೂ ಫಲಿತಾಂಶ ಒಂದೇ ಹಾಳೆಯಲ್ಲಿ ಬರೆದು, ಕೆಳಗೆ ‘ಹಿಂದೆ ಪೆನ್ಸಿಲಿನ್ ಪಡೆದಿದ್ದಾಗಿ ಹೇಳುತ್ತಾರೆ, ದಾಖಲೆ ಇಲ್ಲ’ ಎಂದು ಸೇರಿಸಿ ಚರ್ಮದ ಡಾಕ್ಟರ ಬಳಿ ಕಳಿಸಿದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡರು.